ನಮ್ಮ ಮಾಳಿಗೆಯಿಂದ ಉಪಗ್ರಹದವರೆಗೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸಿಂಧನೂರಿನ ನಮ್ಮ ಮನೆಗೆ ಬಂದಿದ್ದನು. ಸಂಜೆಯ ಹೊತ್ತು. ನಾನು ಮಾಳಿಗೆಯ ಮೇಲೆ ನಿಂತು, ಮೀನಿನ ಮುಳ್ಳಿನಂತೆ ಕಾಣುವ ಒಂದು ಆಂಟೆನಾವನ್ನು ಕೈಯಲ್ಲಿ ಹಿಡಿದು, ದಕ್ಷಿಣದ ಆಕಾಶದತ್ತ ಮೆಲ್ಲಗೆ ತಿರುಗಿಸುತ್ತಿದ್ದೆನು. "ಸರ್, ಈ ವಯಸ್ಸಿನಲ್ಲಿ ಟಿ.ವಿ. ರಿಪೇರಿ ಕಲಿಯುತ್ತಿದ್ದೀರಾ?" ಎಂದು ಅವನು ನಕ್ಕನು. ಅವನಿಗೆ ಅಂದು ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಒಂದಿಷ್ಟು ಇತಿಹಾಸವಿದೆ, ಒಂದಿಷ್ಟು ವಿಜ್ಞಾನವಿದೆ. ನಾನು ತಡವಾಗಿ ಒಪ್ಪಿಕೊಳ್ಳುತ್ತಿರುವ ಒಂದು ತಪ್ಪೂ ಇದೆ.

ಮೊದಲು 1975ಕ್ಕೆ ಹೋಗೋಣ. ಆಗ ನಾನು ಹದಿನೈದರ ಹುಡುಗ. ಆ ವರ್ಷದ ಆಗಸ್ಟ್ 1ರಂದು ನಮ್ಮ ದೇಶದಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ಅದರ ಹೆಸರು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಇಂಗ್ಲಿಷ್ ಮೊದಲಕ್ಷರಗಳಿಂದ 'ಸೈಟ್' ಎಂದು ಕರೆಯುತ್ತಿದ್ದರು. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಪೂರ್ವಕ್ಕೆ ಸರಿಸಿ, ಆಫ್ರಿಕದ ಪೂರ್ವ ಭಾಗದ ಮೇಲೆ, ಭೂಮಧ್ಯರೇಖೆಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಲ್ಲಿಸಿದ್ದರು. ಇಸ್ರೋದ ಭೂಕೇಂದ್ರ ಅಹಮದಾಬಾದಿನಲ್ಲಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಬಿಜಾಪುರ, ಗುಲಬರ್ಗಾ ಮತ್ತು ನಮ್ಮ ರಾಯಚೂರು. ಬೆಂಗಳೂರಿನವರ ಮನೆಗಳಲ್ಲಿಯೇ ಟಿ.ವಿ. ಇರದಿದ್ದ ಕಾಲದಲ್ಲಿ, 'ಹಿಂದುಳಿದ ಜಿಲ್ಲೆ' ಎಂಬ ಹಣೆಪಟ್ಟಿಯ ನಮ್ಮ ಹಳ್ಳಿಗರು ಉಪಗ್ರಹದಿಂದ ನೇರವಾಗಿ ಚಿತ್ರ ನೋಡಿದರು ಎಂಬುದನ್ನು ಇಂದಿನ ಮಕ್ಕಳು ನಂಬುವುದು ಕಷ್ಟ.

ಸಂಬಂಧಿಕರ ಹಳ್ಳಿಗೆ ಹೋದಾಗ ನಾನು ಅದನ್ನು ಕಂಡೆನು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ದೊಡ್ಡ ಬುಟ್ಟಿಯೊಂದು ಪಡುವಣ ಆಕಾಶಕ್ಕೆ ಮುಖಮಾಡಿ ನಿಂತಿತ್ತು. ಬೆಳಿಗ್ಗೆ ಶಾಲಾಮಕ್ಕಳಿಗೆ ಪಾಠ. ಸಂಜೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು ಕುಣಿತ. ಊರಿಗೆ ಊರೇ ನೆಲದ ಮೇಲೆ ಕುಳಿತು ನೋಡುತ್ತಿತ್ತು. ಒಂದು ಸಂಜೆ ಬೇಸಾಯದ ಕಾರ್ಯಕ್ರಮ ನಡೆಯುತ್ತಿದ್ದಾಗ ನಮ್ಮ ಹಿರಿಯರೊಬ್ಬರು ಎದ್ದು ನಿಂತು, "ಅದೆಲ್ಲ ಖರೆ ಅದ, ಆದರ ನಮ್ಮ ಹೊಲಕ್ಕ ನೀರ ಎಲ್ಲಿಂದ ತರೂಣು?" ಎಂದು ಪೆಟ್ಟಿಗೆಯನ್ನೇ ಕೇಳಿದರು. ಎಲ್ಲರೂ ಗೊಳ್ಳೆಂದು ನಕ್ಕೆವು. ಅವರು ನಾಚಿಕೊಂಡು ಕುಳಿತರು. ಈಗ ಯೋಚಿಸಿದರೆ, ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಆಕಾಶದಿಂದ ಮಾತು ಬರುತ್ತಿತ್ತು, ನಾವು ಮರುಮಾತಾಡುವಂತಿರಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಸರಿಸಿಕೊಂಡರು.

ಅದೇ ಹೊತ್ತಿಗೆ ಪ್ರಪಂಚದ ಬೇರೆ ಕಡೆ, ಸರ್ಕಾರದವರಲ್ಲದ ಸಾಮಾನ್ಯ ಜನರು ತಮ್ಮದೇ ಉಪಗ್ರಹಗಳ ಮೂಲಕ ಮನೆಯಿಂದ ಮಾತಾಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇವರನ್ನು ಹವ್ಯಾಸಿ ರೇಡಿಯೋದವರು ಅಥವಾ 'ಹ್ಯಾಮ್'ಗಳು ಎನ್ನುತ್ತಾರೆ. ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಮತ್ತು ಕರೆಸಂಕೇತ ಪಡೆದು, ತಮ್ಮ ಸ್ವಂತ ಯಂತ್ರದಿಂದ ಲೋಕದ ಇತರ ಹವ್ಯಾಸಿಗಳೊಡನೆ ಮಾತಾಡುವವರು ಇವರು. ಇದರಲ್ಲಿ ವ್ಯಾಪಾರವಿಲ್ಲ, ಸಂಬಳವಿಲ್ಲ. ಭಾರತೀಯರ ಕರೆಸಂಕೇತ ಸಾಮಾನ್ಯವಾಗಿ 'ವಿ.ಯು.' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಬೆಂಗಳೂರಿನಲ್ಲಿ ಇವರ ಸಂಘವೊಂದು 1959ರಿಂದಲೂ ಇದೆ.

1957ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿದಾಗ ಅದರ ಬೀಪ್ ಧ್ವನಿಯನ್ನು ಜಗತ್ತಿನ ಅನೇಕ ಕಡೆ ಮನೆಗಳಲ್ಲಿ ಕೇಳಿದವರು ಈ ಹವ್ಯಾಸಿಗಳೇ. ನಾಲ್ಕೇ ವರ್ಷಗಳಲ್ಲಿ, 1961ರ ಡಿಸೆಂಬರ್ 12ರಂದು, ಕ್ಯಾಲಿಫೋರ್ನಿಯದ ಹವ್ಯಾಸಿಗಳು ತಾವೇ ಕಟ್ಟಿದ ಆಸ್ಕರ್-1 ಎಂಬ ಪುಟ್ಟ ಉಪಗ್ರಹವನ್ನು ಅಮೆರಿಕದ ರಾಕೆಟ್ಟೊಂದರಲ್ಲಿ ಉಳಿದಿದ್ದ ಜಾಗದಲ್ಲಿಟ್ಟು ಕಳುಹಿಸಿದರು. ಅದರ ತೂಕ ಸುಮಾರು ನಾಲ್ಕೂವರೆ ಕಿಲೋ. ಮೋರ್ಸ್ ಸಂಕೇತದಲ್ಲಿ 'ಹಾಯ್' ಎಂಬ ಒಂದೇ ಪದವನ್ನು ಅದು ಮೂರು ವಾರ ಹೇಳುತ್ತ ಹೋಯಿತು. 1965ರ ಆಸ್ಕರ್-3 ಒಂದು ಹೆಜ್ಜೆ ಮುಂದೆ ಹೋಗಿ, ನೆಲದಿಂದ ಬಂದ ಧ್ವನಿಯನ್ನು ಹಿಡಿದು ಮತ್ತೆ ನೆಲಕ್ಕೆ ಕಳುಹಿಸಿತು. ಅಂದರೆ ಅಲ್ಲಿಂದ ಮುಂದೆ ಒಬ್ಬ ಹವ್ಯಾಸಿ ಇನ್ನೊಬ್ಬನೊಡನೆ ಉಪಗ್ರಹದ ಮೂಲಕ ಮಾತಾಡಬಹುದಾಯಿತು.

ಇದಕ್ಕೆ ಉಪಗ್ರಹವೇ ಏಕೆ ಬೇಕು ಎಂದು ಕೆಲವರು ಕೇಳಬಹುದು. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದ ಅಲೆಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿಯೇ ಹೋಗುತ್ತವೆ. ಭೂಮಿ ಗುಂಡಗಿರುವುದರಿಂದ ಸ್ವಲ್ಪ ದೂರದಲ್ಲಿ ನೆಲವೇ ಅಡ್ಡವಾಗುತ್ತದೆ. ಸಿಂಧನೂರಿನ ಮಾಳಿಗೆಯಿಂದ ಲಿಂಗಸುಗೂರಿಗೆ ಮಾತು ಮುಟ್ಟಿಸುವುದೇ ಕಷ್ಟ; ನಡುವೆ ಮಸ್ಕಿಯ ಗುಡ್ಡಗಳಿವೆ. ಆದರೆ ಮೇಲ್ಮುಖವಾಗಿ ಹೋದ ಅಲೆಗೆ ಯಾವ ಗುಡ್ಡದ ಅಡ್ಡಿಯೂ ಇಲ್ಲ. ಆರುನೂರು ಕಿ.ಮೀ. ಎತ್ತರದಲ್ಲಿರುವ ಉಪಗ್ರಹಕ್ಕೆ ಐದು ವ್ಯಾಟ್ ಶಕ್ತಿಯ ಯಂತ್ರದ ದನಿ ಮುಟ್ಟುತ್ತದೆ. ಅದು ಅಲ್ಲಿಂದ ಕೆಳಗೆ ನೋಡುವ ವೃತ್ತದಲ್ಲಿ ಎರಡೂವರೆ ಸಾವಿರ ಕಿ.ಮೀ. ದೂರದವರೆಗಿನ ಊರುಗಳು ಬರುತ್ತವೆ. ಲಿಂಗಸುಗೂರನ್ನು ಮುಟ್ಟದ ಮಾತು ಸಮುದ್ರದಾಚೆ ಕೇಳಿಸುವುದು ಹೀಗೆ.

ಈಗ ನನ್ನ ತಪ್ಪಿನ ಕಡೆಗೆ ಬರುತ್ತೇನೆ.

ಇಸವಿ 2005. ಆಗ ನಾನು ಮಸ್ಕಿಯಲ್ಲಿ ಪಾಠ ಮಾಡುತ್ತಿದ್ದೆನು. ಮೇ 5ರಂದು ಶ್ರೀಹರಿಕೋಟೆಯ ಎರಡನೆಯ ಉಡಾವಣಾ ವೇದಿಕೆಯಿಂದ ಮೊಟ್ಟಮೊದಲ ರಾಕೆಟ್ ಹಾರಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಲ್ಲಿದ್ದರು. ಪಿ.ಎಸ್.ಎಲ್.ವಿ.-ಸಿ6 ಎಂಬ ಆ ರಾಕೆಟ್ ಹೊತ್ತದ್ದು 1,560 ಕಿಲೋ ತೂಕದ ಕಾರ್ಟೋಸ್ಯಾಟ್-1 ಮತ್ತು ಅದರ ಜೊತೆಗೆ ಕೇವಲ 42.5 ಕಿಲೋ ತೂಗುವ ಹ್ಯಾಮ್‌ಸ್ಯಾಟ್. ಎರಡನೆಯದು ಹವ್ಯಾಸಿ ರೇಡಿಯೋಗೆಂದೇ ಇಸ್ರೋ ಕಟ್ಟಿದ ಉಪಗ್ರಹ. ಪತ್ರಿಕೆಯಲ್ಲಿ ಬಂದಿದ್ದ ಸುದ್ದಿಯನ್ನು ನಾನು ಕತ್ತರಿಸಿಟ್ಟುಕೊಂಡು, ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಒಂಬತ್ತನೆಯ ತರಗತಿಯಲ್ಲಿ ಓದಿ ಹೇಳಿದೆನು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಅದರಾಗ ನಾವೂ ಮಾತಾಡಬಹುದೇನ್ರೀ?" ಎಂದು ಕೇಳಿದಳು. ನಾನು ಒಂದು ಕ್ಷಣವೂ ಯೋಚಿಸದೆ, "ಅದೆಲ್ಲ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ, ಪಟ್ಟಣದವರಿಗೆ. ನಮಗಲ್ಲ, ಕುಳಿತುಕೋ" ಎಂದೆನು. ಅವಳು ಕುಳಿತಳು. ತರಗತಿ ಮುಂದುವರಿಯಿತು.

ಗಮನಿಸಿರಿ, ಇದು ನಡೆದದ್ದು ಮಸ್ಕಿಯಲ್ಲಿ. ಆ ಊರಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರರು ಚಿನ್ನದ ಅದಿರನ್ನು ಹುಡುಕುತ್ತ ಅದನ್ನು ಕಂಡರು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೊರೆಯ ಹೆಸರು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇತ್ತು. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಇದ್ದುದರಿಂದ ಆ ದೊರೆ ಯಾರೆಂಬ ಸಂದೇಹ ಪರಿಹಾರವಾಯಿತು. ಇದನ್ನು ನಾನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತಿದ್ದೆನು. ಗುಡ್ಡಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆನು. ಆದರೆ ಶಾಸನದ ತಿರುಳು ಹೆಸರಿನಲ್ಲಿಲ್ಲ. ಧರ್ಮದಲ್ಲಿ ನಿಷ್ಠೆಯಿಂದ ತೊಡಗಿದರೆ ಸಣ್ಣವನೂ ಉನ್ನತವಾದುದನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಎಂದು ಭಾವಿಸಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಅಭಿಪ್ರಾಯ. ಆ ಬಂಡೆಯ ಕೂಗಳತೆಯಲ್ಲಿ ನಿಂತು ಮೇಷ್ಟರಾದ ನಾನು ಒಂದು ಮಗುವಿಗೆ ಅದರ ವಿರುದ್ಧವನ್ನೇ ಹೇಳಿದ್ದೆನು.

ನಾನು ಹೇಳಿದ್ದು ಸುಳ್ಳು ಎಂಬುದೂ ಆಮೇಲೆ ತಿಳಿಯಿತು. ಹ್ಯಾಮ್‌ಸ್ಯಾಟ್‌ನಲ್ಲಿ ಧ್ವನಿಯನ್ನು ಮರುಪ್ರಸಾರ ಮಾಡುವ ಎರಡು ಯಂತ್ರಗಳಿದ್ದವು. ಒಂದು ಭಾರತದ್ದು. ಇನ್ನೊಂದನ್ನು ಮಾಡಿದವನು ನೆದರ್ಲೆಂಡಿನ ವಿಲಿಯಂ ಲೀಯೆನಾರ್ ಎಂಬ ಹವ್ಯಾಸಿ. ಆಗ ಅವನು ತಾಂತ್ರಿಕ ಕಾಲೇಜಿನ ವಿದ್ಯಾರ್ಥಿ! ಇನ್ನು ಪರವಾನಗಿಯ ವಿಷಯ. ನಮ್ಮ ದೇಶದ ನಿಯಮಗಳಲ್ಲಿ ಅದಕ್ಕೆ ಬೇಕಾಗಿದ್ದ ಕನಿಷ್ಠ ವಯಸ್ಸು ಹನ್ನೆರಡು. ಆ ಹುಡುಗಿಗೆ ಆಗಲೇ ಹದಿನಾಲ್ಕು ತುಂಬಿತ್ತು.

ಹ್ಯಾಮ್‌ಸ್ಯಾಟ್ ಕಕ್ಷೆ ಸೇರಿದ ಮೇಲೆ ಅದಕ್ಕೆ ಹವ್ಯಾಸಿಗಳು 'ವಿ.ಓ.-52' ಎಂಬ ಹೆಸರಿಟ್ಟರು. ಅದು ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿದ್ದುದರಿಂದ ಪ್ರಪಂಚದ ಎಲ್ಲ ದೇಶದವರಿಗೂ ದಿನದಲ್ಲಿ ಕೆಲವು ಬಾರಿ ಸಿಗುತ್ತಿತ್ತು. ನಾವು 435 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಮಾತಾಡಿದರೆ ಅದು 145.9 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಕೆಳಗೆ ಕಳುಹಿಸುತ್ತಿತ್ತು. ಒಂದೇ ಸಮಯಕ್ಕೆ ಹಲವು ಜೋಡಿಗಳು ಅಕ್ಕಪಕ್ಕದಲ್ಲಿ ಮಾತಾಡಬಹುದಾಗಿತ್ತು. ಒಂದು ತೊಡಕೂ ಇತ್ತು. ರೈಲು ಹತ್ತಿರ ಬರುವಾಗ ಸಿಳ್ಳಿನ ಸ್ವರ ಏರಿ, ದೂರ ಹೋಗುವಾಗ ಇಳಿಯುವುದನ್ನು ನೀವು ಕೇಳಿದ್ದೀರಿ. ಇದನ್ನು ಡಾಪ್ಲರ್ ಪರಿಣಾಮವೆಂದು ತರಗತಿಯಲ್ಲಿ ಬರೆಸಿದ್ದೇನೆ. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಸಾಗುವುದರಿಂದ ಅದರ ಕಂಪನಾಂಕವೂ ಹೀಗೆಯೇ ಜಾರುತ್ತದೆ. ಮಾತಾಡುವವರು ಒಂದು ಕೈಯಲ್ಲಿ ಗುಂಡಿಯನ್ನು ತಿರುವುತ್ತಲೇ ಇರಬೇಕು. ಈ ಉಪಗ್ರಹ ಒಂಬತ್ತು ವರ್ಷ ದುಡಿದು, ಬ್ಯಾಟರಿ ಕೆಟ್ಟು, 2014ರ ಜುಲೈನಲ್ಲಿ ಮೌನವಾಯಿತು. ಆ ಒಂಬತ್ತು ವರ್ಷವೂ ಅದು ನಮ್ಮ ಶಾಲೆಯ ಮೇಲಿನ ಆಕಾಶದಲ್ಲಿ ಹಾದುಹೋಗುತ್ತಲೇ ಇತ್ತು. ನಮ್ಮಲ್ಲಿ ಯಾರೂ ಅದರೊಡನೆ ಮಾತಾಡಲಿಲ್ಲ. ನಿಂತುಹೋದ ಸುದ್ದಿ ಓದಿದ ದಿನ ನನಗೆ ಆ ಹುಡುಗಿಯ ಪ್ರಶ್ನೆ ಥಟ್ಟನೆ ನೆನಪಾಯಿತು.

ಅಷ್ಟರಲ್ಲಿ ನಮ್ಮ ನಾಡಿನ ವಿದ್ಯಾರ್ಥಿಗಳೇ ಉಪಗ್ರಹ ಕಟ್ಟತೊಡಗಿದ್ದರು. ಬೆಂಗಳೂರು ಮತ್ತು ಹೈದರಾಬಾದಿನ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ, ಒಂದು ಕಿಲೋಗಿಂತಲೂ ಹಗುರವಾದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಹಾರಿತು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾಲಯದ ಪೈಸ್ಯಾಟ್ ಹೋಯಿತು. 'ದೊಡ್ಡ ದೊಡ್ಡ ವಿಜ್ಞಾನಿಗಳಿಗೆ' ಎಂದಿದ್ದ ನನ್ನ ಮಾತಿಗೆ ಇದಕ್ಕಿಂತ ಉತ್ತರ ಬೇಕೆ?

ಸತ್ತಿತೆಂದು ಬಿಟ್ಟದ್ದು ಎದ್ದು ಕುಳಿತ ಕಥೆಯೂ ಈ ಲೋಕದಲ್ಲಿದೆ. 1974ರ ನವೆಂಬರ್ 15ರಂದು ಹಾರಿದ ಆಸ್ಕರ್-7 ಎಂಬ ಉಪಗ್ರಹವು ಬ್ಯಾಟರಿ ಕೆಟ್ಟು 1981ರಲ್ಲಿ ನಿಂತುಹೋಗಿತ್ತು. ಇಪ್ಪತ್ತೊಂದು ವರ್ಷಗಳ ನಂತರ, 2002ರ ಜೂನ್ 21ರಂದು, ಇಂಗ್ಲೆಂಡಿನ ಪ್ಯಾಟ್ ಗೋವೆನ್ ಎಂಬ ಹವ್ಯಾಸಿಗೆ ಅದರ ದನಿ ಮತ್ತೆ ಕೇಳಿಸಿತು! ಕೆಟ್ಟ ಬ್ಯಾಟರಿಯೊಳಗಿನ ಅಡ್ಡಸಂಪರ್ಕ ತಾನಾಗಿಯೇ ಕಡಿದುಹೋಗಿ, ಸೂರ್ಯಫಲಕಗಳ ವಿದ್ಯುತ್ತು ನೇರವಾಗಿ ಯಂತ್ರಕ್ಕೆ ಹರಿಯತೊಡಗಿತ್ತು. ಬಿಸಿಲಿದ್ದಾಗ ಎಚ್ಚರ, ನೆರಳಿಗೆ ಹೋದೊಡನೆ ನಿದ್ದೆ. ನಿವೃತ್ತರಿಗೆ ಇದರಿಂದ ಧೈರ್ಯ ಬರುತ್ತದೆ.

ನಾನು 2020ರಲ್ಲಿ ನಿವೃತ್ತನಾದೆನು. ಅದು ಕೊರೋನಾ ಕಾಲ. ಮನೆಯಲ್ಲೇ ಕುಳಿತು ಪರೀಕ್ಷೆಗೆ ಓದಿದೆನು. ವಿದ್ಯುತ್ತಿನ ಮೂಲಪಾಠ, ರೇಡಿಯೋ ಅಲೆಗಳು, ನಿಯಮಗಳು. ನಮ್ಮ ಹತ್ತನೆಯ ತರಗತಿಯ ವಿಜ್ಞಾನ ಚೆನ್ನಾಗಿ ಬಂದವರಿಗೆ ಕಷ್ಟವೇನಲ್ಲ. ಓಂನ ನಿಯಮವನ್ನು ಮೂವತ್ತೈದು ವರ್ಷ ಕಲಿಸಿದವನು ಅದರ ಲೆಕ್ಕದಲ್ಲಿಯೇ ಒಮ್ಮೆ ತಪ್ಪಿದೆನೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ನೀವು ನಕ್ಕುಬಿಡಿ. ಪರವಾನಗಿ ಕೈಗೆ ಬಂದ ಮೇಲೆ ಎರಡು ಸಣ್ಣ ಯಂತ್ರಗಳನ್ನು ತರಿಸಿಕೊಂಡೆನು. ಒಂದು ಮಾತಾಡಲು, ಒಂದು ಕೇಳಲು. ಮರದ ಪಟ್ಟಿಗೆ ಅಲ್ಯೂಮಿನಿಯಂ ಕಡ್ಡಿಗಳನ್ನು ಜೋಡಿಸಿ ಆಂಟೆನಾ ಮಾಡಿಕೊಂಡೆನು.

ನಾನು ಆರಿಸಿಕೊಂಡದ್ದು ಇಂಡೋನೇಷ್ಯದ ಲಪಾನ್-ಎ2 ಎಂಬ ಉಪಗ್ರಹ. ಹವ್ಯಾಸಿಗಳಿಗೆ ಅದು 'ಐ.ಓ.-86'. ಅದು ಹಾರಿದ್ದೂ ನಮ್ಮ ಶ್ರೀಹರಿಕೋಟೆಯಿಂದಲೇ, 2015ರ ಸೆಪ್ಟೆಂಬರ್ 28ರಂದು, ನಮ್ಮ ಆಸ್ಟ್ರೋಸ್ಯಾಟ್ ಜೊತೆಯಲ್ಲಿ. ಇದು ಭೂಮಧ್ಯರೇಖೆಯ ಹತ್ತಿರವೇ ಸುತ್ತುವುದರಿಂದ ಸಿಂಧನೂರಿಗೆ ಯಾವಾಗಲೂ ದಕ್ಷಿಣದ ಆಕಾಶದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ನೆತ್ತಿಯ ಮೇಲೆ ಎಂದೂ ಬಾರದು. ಅದರ ಧ್ವನಿ ಮರುಪ್ರಸಾರಕವನ್ನು ಅಲ್ಲಿಯವರು ಗೊತ್ತುಪಡಿಸಿದ ವೇಳೆಯಲ್ಲಿ ತೆರೆಯುತ್ತಿದ್ದರು. ಒಂದು ಸುತ್ತಿನಲ್ಲಿ ನಮಗೆ ಸಿಗುವ ಅವಕಾಶ ಹೆಚ್ಚೆಂದರೆ ಹತ್ತು ನಿಮಿಷ.

ಮೊದಲ ವಾರವೆಲ್ಲ ನಾನು ಕರೆದದ್ದೇ ಕರೆದದ್ದು, ಉತ್ತರವಿಲ್ಲ. ಇತರರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಮಾತು ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ. ಮಾಳಿಗೆಯ ಮೇಲೆ ನಿಂತು ಆ ಹಳ್ಳಿಯ ಹಿರಿಯರನ್ನು ನೆನೆದೆನು. ಕೊನೆಗೆ ಕಾರಣ ಗೊತ್ತಾಯಿತು. ಮಾತಿನ ಜೊತೆಗೆ 88.5 ಹರ್ಟ್ಸ್‌ನ ಒಂದು ಮಂದ್ರ ಸ್ವರವನ್ನು ಕಳುಹಿಸಿದರೆ ಮಾತ್ರ ಉಪಗ್ರಹ ಬಾಗಿಲು ತೆರೆಯುತ್ತದೆ. ಅದನ್ನು ಯಂತ್ರದಲ್ಲಿ ಹೊಂದಿಸಲು ನಾನು ಮರೆತಿದ್ದೆನು. ಮರುದಿನ ಸಂಜೆ ಅದನ್ನು ಸರಿಪಡಿಸಿ, 145.880 ಮೆಗಾಹರ್ಟ್ಸ್‌ನಲ್ಲಿ ಕರೆಸಂಕೇತ ಹೇಳಿದೆನು. ಇನ್ನೊಂದು ಕೈಯಲ್ಲಿದ್ದ ಯಂತ್ರದಿಂದ 435.880ರಲ್ಲಿ ನನ್ನದೇ ದನಿ ನನಗೆ ಕೇಳಿಸಿತು. ಆಕಾಶಕ್ಕೆ ಹೋಗಿ ಬಂದ ಸ್ವಂತ ದನಿ! ಮೈ ಜುಮ್ಮೆಂದಿತು. ಅಷ್ಟರಲ್ಲಿ ಸುಮಾತ್ರಾ ದ್ವೀಪದ ಒಬ್ಬ ಹವ್ಯಾಸಿ ನನ್ನ ಕರೆಸಂಕೇತವನ್ನು ಮರುನುಡಿದು, ದನಿಯ ಮಟ್ಟವನ್ನು ಹೇಳಿ, ನನ್ನ ಸ್ಥಳವನ್ನು ಕೇಳಿದನು.

ಸ್ಥಳವನ್ನು ಹೇಳಲು ಹವ್ಯಾಸಿಗಳು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿದ್ದಾರೆ. ಒಂದೊಂದು ಚೌಕ ಎರಡು ಡಿಗ್ರಿ ರೇಖಾಂಶ ಅಗಲ, ಒಂದು ಡಿಗ್ರಿ ಅಕ್ಷಾಂಶ ಎತ್ತರ. ಸಿಂಧನೂರು ಮತ್ತು ಮಸ್ಕಿ 'ಎಂ.ಕೆ. 85' ಎಂಬ ಚೌಕದಲ್ಲಿವೆ. ಹದಿನಾರನೆಯ ಅಕ್ಷಾಂಶ ಮಸ್ಕಿಯ ತುಸು ಉತ್ತರಕ್ಕೆ ಹಾದುಹೋಗುವುದರಿಂದ ಲಿಂಗಸುಗೂರು 'ಎಂ.ಕೆ. 86'ಕ್ಕೆ ಸೇರುತ್ತದೆ. ನಾನು "ಎಂ.ಕೆ. 85" ಎಂದೆನು. ಅವನು ಧನ್ಯವಾದ ಹೇಳಿದನು. ಎಲ್ಲ ಸೇರಿ ಅರ್ಧ ನಿಮಿಷ. ಬೇರೆಯವರು ಕಾಯುತ್ತಿರುವುದರಿಂದ ಅಷ್ಟರಲ್ಲಿಯೇ ಮುಗಿಸಬೇಕು. ಊಟದ ಹೊತ್ತಿಗೆ ಮನೆಯಾಕೆ, "ಅಷ್ಟಕ್ಕಾಗಿ ಎರಡು ವರ್ಷ ಓದಿದಿರಾ?" ಎಂದರು. ಹೌದು, ಅಷ್ಟಕ್ಕಾಗಿಯೇ.

ಮೊಬೈಲ್ ಇರುವಾಗ ಇದೇಕೆ ಎಂದು ನೀವೂ ಕೇಳಬಹುದು. 2004ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರು ತಂಡದೊಡನೆ ಅಂಡಮಾನಿಗೆ ಹೋಗಿದ್ದರು. 26ರಂದು ಸುನಾಮಿ ಬಂತು, ದೂರವಾಣಿಗಳು ನಿಂತವು. ಹವ್ಯಾಸಕ್ಕೆಂದು ಒಯ್ದಿದ್ದ ಯಂತ್ರಗಳೇ ಆಗ ದ್ವೀಪಗಳ ಜನರ ಕ್ಷೇಮಸಮಾಚಾರವನ್ನು ಹೊರಗಿನ ಪ್ರಪಂಚಕ್ಕೆ ತಲುಪಿಸಿದವು. ಆ ಯಂತ್ರಗಳು ಉಪಗ್ರಹದವಲ್ಲ, ಆದರೆ ಕಲಿಕೆ ಒಂದೇ. ಕಲಿತವರು ಊರಿಗೊಬ್ಬರಿದ್ದರೆ ಕಷ್ಟಕಾಲಕ್ಕೆ ಊರಿಗೆ ಒಂದು ದನಿ ಇರುತ್ತದೆ.

2018ರ ನವೆಂಬರ್ 15ರಂದು ಕತಾರ್ ದೇಶದ ಎಸ್‌ಹೈಲ್-2 ಎಂಬ ಭೂಸ್ಥಿರ ಉಪಗ್ರಹ ಹಾರಿತು. ಅದರಲ್ಲಿ ಹವ್ಯಾಸಿಗಳಿಗೂ ಜಾಗ ಕೊಟ್ಟಿದ್ದಾರೆ. ಅದು ಸಿಂಧನೂರಿನಿಂದ ನೋಡಿದರೆ ಪಶ್ಚಿಮಕ್ಕೆ, ಸುಮಾರು ಮೂವತ್ತು ಡಿಗ್ರಿ ಎತ್ತರದಲ್ಲಿ ನಿಂತಿದೆ. 1975ರಲ್ಲಿ ಆ ತಂತಿಬಲೆಯ ಬುಟ್ಟಿ ಮುಖಮಾಡಿದ್ದ ಅದೇ ಪಡುವಣ ಆಕಾಶ. ಅಂದು ಅಲ್ಲಿಂದ ಕೇಳುವುದಷ್ಟೇ ಇತ್ತು. ಈಗ ಅಲ್ಲಿಗೆ ಮಾತೂ ಹೋಗಬಲ್ಲದು. ಒಂದು ತಟ್ಟೆ ಆಂಟೆನಾ ಕೊಳ್ಳುವ ಆಸೆ ನನಗಿದೆ, ಪಿಂಚಣಿ ಒಪ್ಪಬೇಕು.

2025ರ ಜುಲೈ 4ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಹವ್ಯಾಸಿ ರೇಡಿಯೋ ಮೂಲಕ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಿದರು. ಆ ಸುದ್ದಿ ಓದಿ, ನನಗೆ ತಡೆಯಲಾಗದೆ, ಇಪ್ಪತ್ತು ವರ್ಷದ ಹಿಂದಿನ ಆ ಹುಡುಗಿಯನ್ನು ಹುಡುಕಿ ಫೋನ್ ಮಾಡಿದೆನು. ನಾನು ಅಂದು ಕೊಟ್ಟ ಉತ್ತರ ತಪ್ಪಾಗಿತ್ತೆಂದು ಹೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾ ಹಂಗ ಕೇಳಿದ್ದು ನನಗ ನೆನಪ ಇಲ್ಲರೀ" ಎಂದಳು. ನನಗೆ ಅದೇ ಹೆಚ್ಚು ನೋವಾಯಿತು. ಬೈದದ್ದನ್ನು ಮಕ್ಕಳು ನೆನಪಿಡುತ್ತಾರೆ. ಕುಳಿತುಕೋ ಎಂದರೆ ತಮ್ಮ ಪ್ರಶ್ನೆಯನ್ನೇ ಮರೆತುಬಿಡುತ್ತಾರೆ.

ದಸರಾ ರಜೆಯಲ್ಲಿ ಆಕೆ ಮಗಳೊಡನೆ ನಮ್ಮ ಮನೆಗೆ ಬಂದಿದ್ದಳು. ಮಗುವಿಗೆ ಹನ್ನೊಂದು ವರ್ಷ. ಮಾಳಿಗೆಯ ಮೇಲೆ ಆಂಟೆನಾ ಹಿಡಿಯಲು ಕೊಟ್ಟೆನು. ಉಪಗ್ರಹದಿಂದ ಬರುತ್ತಿದ್ದ ಮಾತುಗಳನ್ನು ಕೇಳುತ್ತ ಅವಳು ಅದನ್ನು ದಕ್ಷಿಣದಿಂದ ಪೂರ್ವಕ್ಕೆ ತಪ್ಪದೆ ತಿರುಗಿಸಿದಳು. ದನಿ ಕ್ಷೀಣಿಸಿ ನಿಂತ ಮೇಲೆ, "ಅಜ್ಜಾರ, ನಾನೂ ಮಾತಾಡಬಹುದಾ?" ಎಂದಳು.

"ಬರುವ ವರ್ಷ ಹನ್ನೆರಡು ತುಂಬಲಿ. ಅಲ್ಲಿಯವರೆಗೆ ಓಂನ ನಿಯಮ ಕಲಿ" ಎಂದೆನು. ಪುಸ್ತಕವನ್ನೂ ಕೊಟ್ಟು ಕಳುಹಿಸಿದ್ದೇನೆ.

ಇದನ್ನು ಓದುತ್ತಿರುವವರಲ್ಲಿ ಈಗ ಶಿಕ್ಷಕರಾಗಿರುವವರು ಹಲವರಿದ್ದೀರಿ. ಗೊತ್ತಿಲ್ಲದ ಪ್ರಶ್ನೆ ಬಂದಾಗ "ನಾಳೆ ಹೇಳುತ್ತೇನೆ" ಎನ್ನಿ. "ನಮಗಲ್ಲ" ಎನ್ನಬೇಡಿ. ಉಳಿದವರು ಸಿಂಧನೂರಿನ ಕಡೆಗೆ ಬಂದಾಗ ಮನೆಗೆ ಬನ್ನಿ. ಉಪಗ್ರಹ ಬರುವ ವೇಳೆಯನ್ನು ಮೊದಲೇ ಲೆಕ್ಕ ಹಾಕಿಟ್ಟಿರುತ್ತೇನೆ.

ನಿಮ್ಮ ಮೇಷ್ಟರು